ಕೌದಿಯ ನಾಲ್ಕು ಮೂಲೆ

ಹಳಿಯಾಳದ ಆಚೆ, ಕಾಡಂಚಿನ ಸಿದ್ದಿ ಕೇರಿಯಲ್ಲಿ ಕೋಳಿ ಕೂಗಿ ಮುಗಿಯುವ ಹೊತ್ತಿಗೆ ಅಂಜಲಿನಬಾಯಿ ಬಾಗಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸಿಯಾಗಿರುತ್ತದೆ. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ, ಪಕ್ಕದಲ್ಲಿ ಆರುತ್ತಿರುವ ಕರಿ ಚಹಾ. ಈ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಹೋದ ತಿಂಗಳಿಂದಂತೂ ಮಾತಾಡಿಸಿದವರಿಗೆ ಬೈಗುಳವೇ ಗತಿ.

ಗಂಡ ತೀರಿಹೋದ ಮೇಲೆ ಹಗಲೆಲ್ಲ ಕಂಡವರ ಗದ್ದೆಯಲ್ಲಿ ದುಡಿದ ಜೀವ ಇದು. ಹೊಲಿಗೆ ಅವ್ವನಿಂದ ಬಂದದ್ದು. ಕೇರಿಯ ಒಂದೊಂದು ಮನೆಯ ಕೌದಿಗೂ ಒಂದೊಂದು ರೀತಿ. ಅಂಜಲಿನಬಾಯಿಯದು ಶಿಲುಬೆ, ಪಕ್ಕದ ಮನೆಯ ಹಲೀಮಾಬಿಯದು ಚಂದ್ರ, ಕೆಳಗಿನ ಮನೆ ಸುಬ್ಬಿಯದು ತುಳಸಿಕಟ್ಟೆ. ಹೊಸದೇನಾದರೂ ಕಣ್ಣಿಗೆ ಹಿಡಿಸಿದರೆ ಅಂಜಲಿನಬಾಯಿ ಆ ಮನೆಗೆ ಹೋಗಿ ಕೂರುತ್ತಾರೆ, ಕೇಳುತ್ತಾರೆ, ಜೊತೆಗೆ ಅವರ ಹಳೆ ಬಟ್ಟೆಯ ಒಂದು ತುಂಡನ್ನೂ ಬೇಡಿ ತರುತ್ತಾರೆ.

"ಹಲೀಮಾನ ಚಂದ್ರ ಹಾಕಿದ್ರ ಹಲೀಮಾನ ಸೀರಿ ತುಂಡೂ ಅದರಾಗ ಇರಬೇಕ್ರಿ. ಇಲ್ಲಾಂದ್ರ ಅದು ಕಳವು."

ಇನ್ನೊಂದು ಕಟ್ಟಳೆಯೂ ಇದೆ. ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಫುಲ ಕೂರಿಸಬೇಕು, ಅಂದರೆ ಹೂವು. ಫುಲ ಇಲ್ಲದ ಕೌದಿ ಬತ್ತಲೆ. ಬತ್ತಲೆ ಕೌದಿ ಹೊಸ್ತಿಲು ದಾಟುವುದಿಲ್ಲ.

ಈ ಹೊಸ್ತಿಲಿಗೆ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದಳು. ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವಳು. ರೊಟ್ಟಿ, ಒಣಮೀನಿನ ಚಟ್ನಿ ಉಂಡು ಕೈಯನ್ನೂ ಹೊಗಳಿದಳು, ಕೌದಿಯನ್ನೂ ಹೊಗಳಿದಳು. ಪ್ರದರ್ಶನಕ್ಕೆ ಇಟ್ಟು ವಾರದಲ್ಲಿ ತಂದುಕೊಡುವೆನೆಂದು ಒಂದನ್ನು ಒಯ್ದಳು. ಅದು ಅಂಜಲಿನಬಾಯಿ ತಮ್ಮ ಬಸುರಿ ಮಗಳು ರೋಜಿಯ ಕೂಸಿಗೆಂದು, ಸತ್ತ ಅವ್ವನ ಸೀರೆಗಳಿಂದ, ಹಲೀಮಾಬಿಯ ಚಂದ್ರವನ್ನೂ ಕೂರಿಸಿ ಹೊಲಿದದ್ದು. ಅವ್ವನ ಮತ್ತೊಂದು ಸೀರೆ ಮನೆಯಲ್ಲಿ ಉಳಿದಿಲ್ಲ. ರೋಜಿಗೆ ದಿನ ತುಂಬಿತು, ಕೌದಿ ಬರಲಿಲ್ಲ.

ಹೋದ ತಿಂಗಳು ಹಲೀಮಾಬಿಯನ್ನು ಕರೆದುಕೊಂಡು ಅಂಜಲಿನಬಾಯಿ ಹುಬ್ಬಳ್ಳಿ ಬಸ್ಸು ಹತ್ತಿದರು. ಹೋಗಿ ನೋಡಿದರೆ ಕೌದಿ ಅಂಗಡಿಯ ಗೋಡೆಯ ಮೇಲಿದೆ. ಚೌಕಟ್ಟಿಗೆ ನೇರವಾಗಿ ಕೂರಲೆಂದು ನಾಲ್ಕೂ ಫುಲ ಕತ್ತರಿಸಿ ಎಸೆದಿದ್ದಾರೆ. ಅದೇ ಶಿಲುಬೆ, ಅದೇ ಚಂದ್ರ ಅಚ್ಚು ಹಾಕಿದ ಚಾದರಗಳು ಪಕ್ಕದಲ್ಲೇ ಮಾರಾಟಕ್ಕಿವೆ. ಮೇಲಿದ್ದ ಫಲಕವನ್ನು ಹಲೀಮಾಬಿ ಓದಿ ಹೇಳಿದರು: 'ನಾನಾ ಕೌದಿ ಶೈಲಿಗಳಿಂದ ಸ್ಫೂರ್ತಿ'. ಕೆಳಗೆ ಅಂಗಡಿಯವಳ ಹೆಸರು ಮಾತ್ರ. ಸ್ಫೂರ್ತಿಯಂತೆ ಸ್ಫೂರ್ತಿ! ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ, ಇವಳು ಜಂತೆಯನ್ನೇ ಕಿತ್ತುಕೊಂಡು ಹೋದವಳು.

ಮೂಲೆಗಳು ಎಲ್ಲಿ ಎಂದು ಕೇಳಿದ್ದಕ್ಕೆ, ಈಗಲೇ ಅಚ್ಚುಕಟ್ಟಾಗಿ ಕಾಣುತ್ತದೆ, ನಿಮ್ಮ ಕಲೆಗೆ ಇದು ಗೌರವ ಎಂದು ಅವಳು ಸಮಾಧಾನ ಹೇಳಲು ಬಂದಳು. ಅಂಜಲಿನಬಾಯಿ ಕೈ ಚಾಚಿದರು.

"ತಂಗಿ, ನಮ್ಮ ರೀತಿ ತಗೊಂಡಿ. ನಿನ್ನ ಬಟ್ಟಿ ಒಂದು ತುಂಡು ಕೊಡು. ಆ ದುಪಟ್ಟಾನ ಆಗ್ಲಿ."

ಅಂಗಡಿಯವಳು ದುಪಟ್ಟಾ ಬಿಗಿಹಿಡಿದು ಹಿಂದೆ ಸರಿದಳು. ನೋಡುತ್ತಿದ್ದ ಹಲೀಮಾಬಿ ತಮ್ಮ ಸೆರಗಿನ ಅಂಚನ್ನು ಹರಿದುಕೊಟ್ಟರು. ಇಬ್ಬರೂ ಸೇರಿ ಗೋಡೆಯಿಂದ ಕೌದಿ ಇಳಿಸಿದರು. ಬಂದವರೆಲ್ಲ ನೋಡುತ್ತಿರುವಂತೆಯೇ ಅಂಜಲಿನಬಾಯಿ ನೆಲಕ್ಕೆ ಕೂತು ಆ ಅಂಚಿನಿಂದಲೇ ನಾಲ್ಕೂ ಫುಲ ಹೊಲಿದು, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಹೊರಬಿದ್ದರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಚಾದರಗಳು ಇವತ್ತಿಗೂ ಮಾರಾಟವಾಗುತ್ತಿವೆ. ನೆನೆದರೆ ಮೈ ಉರಿಯುತ್ತದೆ. ಇಲ್ಲಿ ಒಳಗೆ ತೊಟ್ಟಿಲಲ್ಲಿ ರೋಜಿಯ ಮಗಳು ಮುತ್ತಜ್ಜಿಯ ಸೀರೆ ಹೊದ್ದು ಮಲಗಿದ್ದಾಳೆ, ಹಲೀಮಾಬಿಯ ಹಸಿರು ಸೆರಗು ಮೂಲೆಯಿಂದ ಇಣುಕುತ್ತಿದೆ.

ಇನ್ನೇನು ಆಸೆ ಎಂದು ಕೇಳಿದರೆ ಅಂಜಲಿನಬಾಯಿ ಹಲ್ಲಿನಿಂದ ದಾರ ಕಡಿಯುತ್ತಾರೆ.

"ಆಕಿ ಮತ್ತ ಬರಲಿ. ರೊಟ್ಟಿ ಹಾಕ್ತೀನಿ. ಬರುವಾಗ ತನ್ನ ಹಳೇ ಬಟ್ಟಿ ಒಂದು ತುಂಡು ತರಲಿ. ಕತ್ತರಿ ಮಾತ್ರ ಮನ್ಯಾಗ ಇಟ್ಟು ಬರಲಿ."