ಖಾಲಿ ಉಳಿದ ಚೌಕಗಳು

ಅಪ್ಪನಿಗೆ ಎದುರಿಗೆ ಫೋಟೊ ಇಲ್ಲದೆ ಮನಸ್ಸಿನಿಂದ ಒಂದು ಬೆಕ್ಕನ್ನೂ ಬರೆಯಲು ಬರುತ್ತಿರಲಿಲ್ಲ. ಮಗಳಾಗಿ ಇದನ್ನು ಹೇಳಬಾರದೇನೋ, ಆದರೆ ನಿಜ. ಸೇನೆಯಿಂದ ನಿವೃತ್ತರಾಗಿ ಬಳ್ಳಾರಿಯಲ್ಲಿ ಚಿತ್ರದ ಅಂಗಡಿ ಇಟ್ಟ ಮೇಲೆ ಅವರು ಬರೆದದ್ದೆಲ್ಲ ತೀರಿಹೋದವರ ಮುಖಗಳು. ಮನೆಯವರು ತಂದ ಸಣ್ಣ ಫೋಟೊದ ಮೇಲೆ ಸ್ಕೇಲು ಹಿಡಿದು ಚೌಕ ಹಾಕುವುದು, ಕ್ಯಾನ್ವಾಸಿನ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಾಕುವುದು, ಆಮೇಲೆ ಕೆಳಗಿನಿಂದ ಒಂದೊಂದೇ ಚೌಕ ತುಂಬುತ್ತ ಹೋಗುವುದು. ಮೂಗು ಬರೆಯುತ್ತಿದ್ದೇನೆ ಎಂಬ ಪರಿವೆಯೂ ಅವರಿಗೆ ಇರುತ್ತಿರಲಿಲ್ಲ. ಆದರೂ ಮುಖ ಥೇಟ್ ಹೋಲುತ್ತಿತ್ತು. ಸಿರಿಗೇರಿ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಹೋಲದೆ ಹೋದದ್ದು ಒಂದೇ ಚಿತ್ರ.

ಅಪ್ಪ ಸಿರುಗುಪ್ಪದವರು. ಸೇನೆಯಲ್ಲಿ ಅವರಿಗೆ ಸಿಕ್ಕ ದೋಸ್ತ ಕುರುಗೋಡಿನವನು. ಇಪ್ಪತ್ತೈದು ತುಂಬುವ ಮೊದಲೇ ಬೆಟ್ಟದ ದಾರಿಯಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಅವನ ತಾಯಿ, ನನ್ನ ಪಾಲಿನ ಅಜ್ಜಿ; ಅವಳ ಹತ್ತಿರ ಉಳಿದದ್ದು ಭರ್ತಿಯಾಗುವಾಗ ತೆಗೆದ ಒಂದು ಫೋಟೊ: ನುಣ್ಣನೆ ತಲೆ, ಹೆದರಿದ ಕಣ್ಣು. ಎಷ್ಟೋ ವರ್ಷದ ಮೇಲೆ, ಅಪ್ಪ ಅಂಗಡಿ ಇಟ್ಟ ಸುದ್ದಿ ಕೇಳಿ ಬಂದ ಅಜ್ಜಿಗೆ ಅದು ಬೇಡವಾಗಿತ್ತು.

“ಕಡೀ ಸಲ ರಜಾಕ ಬಂದಾಗ ಮೀಸಿ ಬಿಟ್ಟಿದ್ದ, ಮೈ ತುಂಬಿಕೊಂಡಿದ್ದ. ಹಂಗ ಬರದ್ ಕೊಡಪ್ಪಾ. ನನ್ನ ಕಣ್ಣು ಮಂಜಾಗಾಕ ಹತ್ಯಾವು, ಕಾಣೂದ್ರಾಗ ಕೊಡು” ಅಂದಳು.

ಆ ಮುಖವನ್ನು ಕೊನೆಯ ದಿನದವರೆಗೂ ನೋಡಿದ್ದವರು ಅಪ್ಪ. ಹೂಂ ಅಂದುಬಿಟ್ಟರು.

ಸಮವಸ್ತ್ರ ತಪ್ಪಬಾರದೆಂದು ತಮ್ಮದೇ ಆ ಕಾಲದ ಫೋಟೊ ತೆಗೆದು ಚೌಕ ಹಾಕಿಕೊಂಡರು. ಭುಜ, ಗುಂಡಿ, ಕಾಲರು ಒಂದು ವಾರದಲ್ಲಿ ಮುಗಿದವು. ಮುಖದ ಚೌಕಗಳು ಎರಡು ವರ್ಷ ಖಾಲಿ ಉಳಿದವು. ಅಂಗಡಿಗೆ ಬಂದವರು ತಲೆಯಿಲ್ಲದ ಸಿಪಾಯಿಯನ್ನು ಕಂಡು ಬೆಚ್ಚುತ್ತಿದ್ದರು. ಒಂದು ಮುಖಕ್ಕೆ ಇಷ್ಟು ದಿನವೇ ಎಂದು ನನಗೆ ಸಿಟ್ಟೂ ಬರುತ್ತಿತ್ತು. ಅಜ್ಜಿಯ ಕಣ್ಣು ಇನ್ನೇನು ಹೋಗುತ್ತದೆ ಎಂಬ ಸುದ್ದಿ ಬಂದ ವಾರ ಅಪ್ಪ ಕೂತು ಬರೆದು ಮುಗಿಸಿದರು.

ಹಳೆಯ ಪಂಚೆಯಲ್ಲಿ ಚಿತ್ರ ಸುತ್ತಿಕೊಂಡು ನನ್ನ ಸ್ಕೂಟಿಯ ಹಿಂದೆ ಕೂತರು. ಕುರುಗೋಡಿಗೆ ಹೋದೆವು. ಅಜ್ಜಿ ಚಿತ್ರವನ್ನು ಬಾಗಿಲ ಬೆಳಕಿಗೆ ಒಯ್ದು ಮುಖದ ಹತ್ತಿರ ಹಿಡಿದಳು.

“ಮೀಸಿ ಅವಂದ” ಅಂದಳು. ಚಿತ್ರವನ್ನು ಇನ್ನೂ ಹತ್ತಿರಕ್ಕೆ ತಂದು, “ಉಳಿದದ್ದೆಲ್ಲ ನೀನ ಅದೀಯಲ್ಲೋ!”

ನಾನೂ ಬಗ್ಗಿ ನೋಡಿದೆ. ಹೌದು. ರೂಢಿಯ ಕೈ ಕಾಲರಿನಿಂದ ಮೇಲಕ್ಕೆ ತಮ್ಮದೇ ಫೋಟೊದ ಚೌಕ ಹಿಡಿದು ಹತ್ತಿಬಿಟ್ಟಿತ್ತು. ಆ ಮೀಸೆಯಿಂದ ನಾನೂ ಮೋಸಹೋಗಿದ್ದೆ.

“ತಪ್ಪಾತು ಯವ್ವಾ” ಅಂದರು ಅಪ್ಪ, ನೆಲ ನೋಡುತ್ತ. “ಅವನ ಮಾರಿ ಮರ್ತೀನಿ.”

“ನಂಗೂ ಮೀಸಿ ಒಂದ ನೆನಪೈತೋ ಯಪ್ಪಾ. ಉಳಿದದ್ದು ನೀ ಬರದ್ರ ಕಾಣ್ತತಿ ಅಂತ ಕಾಯಾಕ ಹತ್ತಿದ್ದೆ.”

ಅಳಿಸಿ ಮತ್ತೆ ಬರೆಯುತ್ತೇನೆ ಎಂದು ಅಪ್ಪ ಎಷ್ಟು ಹೇಳಿದರೂ ಅಜ್ಜಿ ಚಿತ್ರ ವಾಪಸ್ ಕೊಡಲಿಲ್ಲ, ಗೋಡೆಗೆ ಹಾಕಿಸಿದಳು. ನಾನು ತಂದಿದ್ದ ಮಾಲೆಯನ್ನು ಮಾತ್ರ ತಡೆದಳು. “ಬದುಕಿದ್ದವರ ಮಾರಿಗೆ ಹೂವಿನ ಮಾಲಿ ಹಾಕ್ತಾರೇನ, ಹುಚ್ಚಿ!” ಮಾಲೆ ದೇವರ ಪಾಲಾಯಿತು. ಆಮೇಲೆ ಅಷ್ಟು ವರ್ಷವೂ ಮಗನ ಚಿತ್ರ ಮಾಲೆಯಿಲ್ಲದೆ ಬೋಳಾಗಿಯೇ ಇತ್ತು.

ಹೋದ ವರ್ಷ ಅಪ್ಪ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಕುರುಗೋಡಿಗೆ ಹೋಗಿ ಹೇಳಿದೆ. ಅಜ್ಜಿಗೆ ಈಗ ಏನೂ ಕಾಣುವುದಿಲ್ಲ. ಚಿತ್ರವಿದ್ದ ಗೋಡೆಯ ಕಡೆ ಮುಖ ತಿರುಗಿಸಿ ಕೇಳಿದಳು: “ಹೂ ತಂದೀಯೇನವಾ?”

ಅಪ್ಪ ಹೋದ ದಿನ ಬಾರದ ಅಳು ನನಗೆ ಆಗ ಬಂತು. ಬಸ್‌ಸ್ಟ್ಯಾಂಡಿಗೆ ಹೋಗಿ ಎರಡು ಮಾಲೆ ತಂದೆ. ಅಜ್ಜಿ ಎರಡನ್ನೂ ಕೈಯಿಂದ ತಡವಿ, ಒಂದನ್ನು ನನಗೇ ತಿರುಗಿಸಿ ಕೊಟ್ಟಳು.

“ಒಂದ ಸಾಕವಾ. ಇಬ್ಬರಿಗೂ ಆಗ್ತತಿ.”