ಎರಡು ಹಿಡಿ ಮೆಣಸಿನಕಾಯಿ

ಸುನಂದ, ರೇಡಿಯೋದಲ್ಲಿ ನಿನ್ನ ಕೆಲಸ ಕಾಯಂ ಆಗದಂತೆ ಮಾಡಿದವಳು ನಾನು. ತಿಳಿಯದೆ ಆದದ್ದಲ್ಲ, ತಿಳಿದೇ ಮಾಡಿದೆ. ಇದನ್ನು ಮೊದಲೇ ಬರೆದುಬಿಟ್ಟೆ — ಕೊನೆಗೆ ಅಂತ ಇಟ್ಟುಕೊಂಡರೆ ಬರೆಯದೆಯೇ ಎದ್ದುಹೋಗುತ್ತೇನೆ.

ಒತ್ತಕ್ಷರ ತಪ್ಪಿರುತ್ತದೆ. ಓದುವಾಗ ನೀನೇ ಸರಿಮಾಡಿಕೋ. ಈ ನಾಲ್ಕು ಮಾತು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವಿಬ್ಬರೂ ಒಂದೇ ಮನೆಯ ಸೊಸೆಯರು. ನಾನು ದೊಡ್ಡವನ ಹೆಂಡತಿ, ನೀನು ಚಿಕ್ಕವನ ಹೆಂಡತಿ. ನಾನು ಬಂದು ಹದಿನೈದು ವರ್ಷ ರೇಷ್ಮೆ ಹುಳ ಸಾಕಿ, ಹಿಪ್ಪುನೇರಳೆ ಸೊಪ್ಪು ಹೊತ್ತು, ಅಂಗೈಯೆಲ್ಲ ಹಸಿರು ಮಾಡಿಕೊಂಡ ಮೇಲೆ ನೀನು ಬಂದೆ. ಚನ್ನಪಟ್ಟಣದ ಪೇಟೆ ಹುಡುಗಿ, ಬಿ.ಎ. ಓದಿದವಳು. ಬಂದ ಎರಡನೇ ವರ್ಷಕ್ಕೆ ರೇಡಿಯೋದವರು ನಿನ್ನನ್ನು ಸುದ್ದಿ ಓದಲು ಕರೆದರು. ಕಾಯಂ ಅಲ್ಲ. ತಿಂಗಳಿಗೆ ಐದಾರು ದಿನ, ಅವರು ಕರೆದಾಗ ಹೋಗುವುದು. ಕತ್ತಲಿರುವಾಗಲೇ ಎದ್ದು ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದೆ. ಮೊಸರು ಮುಟ್ಟುತ್ತಿರಲಿಲ್ಲ. ಬಿಸಿನೀರು ಕುಡಿಯುತ್ತಿದ್ದೆ. ಹುಳದ ಮನೆಯಲ್ಲಿ ಗದ್ದಲ ಇರುವುದಿಲ್ಲ ಎಂದು ಅಲ್ಲೇ ನಿಂತು ಹಳೇ ಪೇಪರು ಹಿಡಿದು ಓದುವುದನ್ನು ರೂಢಿ ಮಾಡುತ್ತಿದ್ದೆ. ನನ್ನ ಹುಳಗಳೂ ಸೊಪ್ಪು ಬಿಟ್ಟು ನಿನ್ನ ಕಡೆ ತಲೆ ಎತ್ತಿದ ಹಾಗೆ ನನಗೆ ಕಾಣುತ್ತಿತ್ತು. ಜ್ವರಕ್ಕೆ ಕುಳಿತ ಹುಳ ತಲೆ ಎತ್ತುತ್ತದೆ, ಪೊರೆ ಬಿಡುವ ಮುಂಚೆ — ಅದು ನನಗೆ ಗೊತ್ತಿಲ್ಲದ್ದೇ? ಆದರೂ ಹಾಗೇ ಕಾಣುತ್ತಿತ್ತು.

ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ನನ್ನ ಗಂಡ ನನ್ನ ಮಾತಿಗೆ ಒಂದು ದಿನವೂ ತಟ್ಟೆಯಿಂದ ತಲೆ ಎತ್ತಿದವನಲ್ಲ. ನಿನ್ನ ದನಿ ರೇಡಿಯೋದಲ್ಲಿ ಬಂದರೆ ಬೀಡಿ ಆರಿಸಿ ಕೂರುತ್ತಿದ್ದ. ಒಂದು ಸಲ ರಾಮನಗರದ ಮಾರುಕಟ್ಟೆಯಲ್ಲಿ ನನ್ನ ರೇಷ್ಮೆ ಗೂಡಿಗೆ ಆ ದಿನದ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬಂತು. ಬಿಳೀ ಗೂಡು, ಗಟ್ಟಿ ಗೂಡು, ಒಂದೊಂದನ್ನೂ ನಾನೇ ಬಿಡಿಸಿದ್ದು. ಸಂಜೆ ಸುದ್ದಿಯ ಕೊನೆಗೆ ನೀನು ಗೂಡಿನ ಧಾರಣೆ ಓದಿದೆ. ರಾಮನಗರ, ಅತಿ ಹೆಚ್ಚು ಬೆಲೆ, ಇಷ್ಟು ಎಂದೆ. ಅತ್ತೆ ಕೆನ್ನೆಗೆ ಕೈ ಕೊಟ್ಟುಕೊಂಡು, "ಎಂಗೆ ಓದ್ತಾಳೆ ನೋಡಮ್ಮಿ, ಮುತ್ತು ಪೋಣಿಸ್ದಂಗೆ!" ಎಂದಳು.

"ಅದು ನನ್ ಗೂಡು ಕನತ್ತೆ, ಅವ್ಳು ಯೋಳಿದ್ದು," ಎಂದೆ.

"ಅಯ್, ಸುಮ್ಕಿರೇ. ಕೇಳಿಸ್ಕಳಕ್ಕೂ ಬುಡಾಕಿಲ್ಲ."

ಆ ರಾತ್ರಿ ನಾನು ಉಣ್ಣಲಿಲ್ಲ. ಯಾರೂ ಯಾಕೆ ಎಂದು ಕೇಳಲಿಲ್ಲ. ನೀನು ಮಾರನೇ ದಿನ ಬಂದವಳೇ ನನ್ನ ಕೈ ಹಿಡಿದು, "ಅಕ್ಕ, ನಿನ್ ಗೂಡಿಂದೇ ಅಂತ ಗೊತ್ತಾಯ್ತು, ಓದೋವಾಗ ನಗು ತಡಿಯಕ್ಕಾಗ್ಲಿಲ್ಲ," ಎಂದೆ. ಅದು ಇನ್ನೂ ಉರಿಸಿತು. ನೀನು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಆ ಕಾಗದ ಬಂತು. ಸುದ್ದಿ ಓದುವವರ ಕಾಯಂ ಕೆಲಸ, ದನಿ ಪರೀಕ್ಷೆಗೆ ಬನ್ನಿ ಎಂದು. ಮನೆಯಲ್ಲಿ ಒಬ್ಬಟ್ಟು ಮಾಡಿದರು. ಒಬ್ಬಟ್ಟು ತಟ್ಟಿದವಳು ನಾನೇ.

ಪರೀಕ್ಷೆಯ ಬೆಳಗ್ಗೆ ನೀನು ಸ್ನಾನ ಮಾಡಿ ಒಲೆಯ ಪಕ್ಕ ಮಣೆಯ ಮೇಲೆ ಕುಳಿತು ಬಿಸಿನೀರು ಕುಡಿಯುತ್ತಿದ್ದೆ. ದೃಷ್ಟಿ ತೆಗೆಯುತ್ತೇನೆ ಎಂದೆ ನಾನು. ಉಪ್ಪು, ಒಣಮೆಣಸಿನಕಾಯಿ ಮುಖದ ಸುತ್ತ ನೀವಾಳಿಸಿ ಬೆಂಕಿಗೆ ಹಾಕುವುದು ಎಲ್ಲ ಮನೆಯಲ್ಲೂ ಇರುವುದೇ. ಮೂರೋ ಐದೋ ಮೆಣಸಿನಕಾಯಿ ಸಾಕು. ಆದರೆ ಹುಳ ಇರುವಾಗ ಮನೆಯೊಳಗೆ ಯಾರೂ ಮೆಣಸಿನಕಾಯಿ ಸುಡುವುದಿಲ್ಲ. ಘಾಟಿಗೆ ಹುಳ ಸೊರಗುತ್ತವೆ. ಈ ಮಾತನ್ನು ಊರಿಗೆಲ್ಲ ಹೇಳಿಕೊಟ್ಟವಳೇ ನಾನು.

ಅತ್ತೆ ಕೂಗಿದಳು, "ಹುಳ ನಾಕ್ನೇ ಜ್ವರ ಎದ್ದವೆ ಕನಮ್ಮಿ, ಇನ್ನೇನ್ ಗೂಡು ಕಟ್ತವೆ! ಆಚ್ಗೆ ತಕ್ಕೊಂಡೋಗು."

"ಹುಳ ಓದ್ರೆ ಓಯ್ತವೆ ಬುಡತ್ತೆ. ನಮ್ ಸುನಂದುನ್ ಕೆಲ್ಸ ಮುಖ್ಯವೋ, ಹುಳ ಮುಖ್ಯವೋ?" ಎಂದೆ. ಅಡುಗೆಮನೆಯ ಬಾಗಿಲು ಎಳೆದೆ. ಎರಡು ಹಿಡಿ ಹಾಕಿದೆ. ಎರಡು ತುಂಬು ಹಿಡಿ. ಕಪ್ಪಗೆ ಹೊಗೆ ಎದ್ದಿತು. ನೀನು ಸೆರಗು ಮುಚ್ಚಿಕೊಂಡು ಏಳಲು ಹೋದೆ. ನಾನು ಭುಜ ಒತ್ತಿ ಕೂರಿಸಿದೆ.

"ಏಳ್ಬ್ಯಾಡ. ಸೆರಗು ತಗಿ. ಒಸಿ ಹೊಗೆ ತಕ್ಕೊ, ಕೆಟ್ ಕಣ್ಣೆಲ್ಲ ಕಳೀಲಿ."

ನೀನು ಸೆರಗು ತೆಗೆದೆ. ನಾನು ಹೇಳಿದೆನೆಂದು ತೆಗೆದೆ.

ದೃಷ್ಟಿ ಬಿದ್ದಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುತ್ತಾರೆ ನಮ್ಮ ಕಡೆ. ಅತ್ತೆ ಆಚೆ ನಿಂತು ಕೆಮ್ಮುತ್ತಲೇ, "ಏನ್ ಘಾಟವ್ವ! ದೃಷ್ಟಿಗಿಷ್ಟಿ ಏನೂ ಇಲ್ಲ ಬುಡು," ಎಂದಳು. ಆ ಕೆಟ್ಟ ಕಣ್ಣು ನನ್ನದೇ, ಒಲೆಯ ಮುಂದೆಯೇ ನಿಂತಿತ್ತು.

ಬಿಡದಿ ದಾಟುವವರೆಗೂ ರೈಲಿನಲ್ಲಿ ಕೆಮ್ಮಿದೆಯಂತೆ. ಪಕ್ಕದವರು ನೀರು ಕೊಟ್ಟರಂತೆ. ಒಳಗೆ ಮೈಕಿನ ಮುಂದೆ ಎರಡು ಸುದ್ದಿ ಸರಿಯಾಗಿ ಓದಿ ಮೂರನೆಯದರಲ್ಲಿ ದನಿ ಒಡೆಯಿತಂತೆ. ಮತ್ತೆ ದನಿ ಏಳಲೇ ಇಲ್ಲ. ಮುಂದಿನವರನ್ನು ಕರೆದರಂತೆ.

ಸಂಜೆ ನೀನು ಬಂದಾಗ ಮನೆಯ ತುಂಬ ಜನ. ಏನಾಯಿತು ಎಂದರು. ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ. ನಾನು ಹುಳದ ತಟ್ಟೆಯ ಮೇಲೆ ಕಣ್ಣು ಇಳಿಸಿದೆ. ಆಗ ನೀನು ಹೇಳಿದೆ, "ಹೆದ್ರುಬುಟ್ಟೆ ಕನತ್ತೆ. ಮೈಕ್ ಕಂಡು ಹೆದ್ರುಬುಟ್ಟೆ."

ಎರಡು ವರ್ಷದಿಂದ ಮೈಕಿನ ಮುಂದೆ ಓದುತ್ತಿದ್ದವಳು ನೀನು. ಯಾಕೆ ಹಾಗೆ ಹೇಳಿದೆ? ಅಕ್ಕ ಪ್ರೀತಿಗೆ ಮಾಡಿದ್ದು, ಅವಳ ಮೇಲೆ ಮಾತು ಬರಬಾರದು ಎಂದೋ? ಇಲ್ಲ — ಎಲ್ಲ ತಿಳಿದೇ... ಇಷ್ಟು ವರ್ಷ ಆಯಿತು, ಕೇಳಲು ನನಗೆ ಬಾಯಿ ಬರಲಿಲ್ಲ.

ಆ ಸಲ ಹುಳ ಅರ್ಧಕ್ಕರ್ಧ ಸೊರಗಿದವು. ಊರು ನನ್ನನ್ನು ಹೊಗಳಿತು. ವಾರಗಿತ್ತಿಗೋಸ್ಕರ ಬೆಳೆ ಕಳೆದುಕೊಂಡವಳು ಎಂದಿತು. ನಿನಗೆ ಹೆದ್ರುಪುಕ್ಲಿ ಸುನಂದ ಎಂಬ ಹೆಸರು ಬಂತು. ಎರಡನ್ನೂ ಕೇಳಿಕೊಂಡೇ ನಾನು ಸೊಪ್ಪು ಹೊರುತ್ತಿದ್ದೆ. ಆಮೇಲೂ ಕೆಲವು ವರ್ಷ ನಿನ್ನನ್ನು ಕರೆಯುತ್ತಿದ್ದರು. ಐದು ದಿನ ಎರಡಾಯಿತು, ಎರಡು ಒಂದಾಯಿತು, ಕೊನೆಗೆ ಕಾಗದವೇ ಬರಲಿಲ್ಲ. ನೀನು ಸುದ್ದಿ ಓದಿ ತಂದ ಹಾಳೆಗಳ ಬೆನ್ನಿನ ಮೇಲೆ ನನಗೆ ಅ ಆ ತಿದ್ದಿಸಿದ್ದು ಆ ವರ್ಷಗಳಲ್ಲೇ. ಪಕ್ಕದಲ್ಲಿ ಕುಳಿತು, ನನ್ನ ಕೈ ಹಿಡಿದು ತಿದ್ದಿಸಿದೆ. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಈಗ ಯಾಕೆ ಹೇಳುತ್ತೇನೆ ಎಂದರೆ — ನಿನ್ನ ಮೊಮ್ಮಗಳು ಚೈತ್ರ. ಅವಳಿಗೂ ರೇಡಿಯೋದಿಂದ ಕರೆ ಬಂದಿದೆ, ಸೋಮವಾರ ಪರೀಕ್ಷೆ. ಹೋದ ವಾರ ಅವಳು ನಿನಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ನಾನ್ ಓಗಾಕಿಲ್ಲ ಅಜ್ಜಿ. ನಿನ್ ಥರಾನೇ ಅಲ್ ನಿಂತ್ಕಂಡು ಹೆದ್ರುಬುಟ್ರೆ?" ನೀನು ಅವಳ ತಲೆ ಸವರಿ, "ನಮ್ ವಂಶುದ್ದೇ ಅಂಗೆ ಬುಡು ಮಗ," ಎಂದೆ. ತಮಾಷೆಗೆ ಹೇಳಲಿಲ್ಲ. ಹೇಳಿ ಹೇಳಿ ನೀನೇ ಅದನ್ನು ನಂಬಿಬಿಟ್ಟಿದ್ದೀಯ.

ನೀನು ಹೆದರಲಿಲ್ಲ. ನಿನ್ನ ಗಂಟಲನ್ನು ನಾನು ಸುಟ್ಟೆ. ಅವಳನ್ನು ಕಳಿಸು.

ದಿನಾ ಬೆಳಗ್ಗೆ ಜಗುಲಿಯ ಮೇಲೆ ನಮ್ಮಂಥ ಮುದುಕಿಯರಿಗೆ ನೀನು ಪೇಪರು ಓದುತ್ತೀಯ, ಈಗಲೂ ಅದೇ ದನಿಯಲ್ಲಿ. ಕೈಗೆ ಬಂದ ಹಾಳೆಯನ್ನು ನಡುವೆ ನಿಲ್ಲಿಸಬಾರದು, ತಮ್ಮ ಮನೆಯ ಸುದ್ದಿಯಾದರೂ ಓದಿ ಮುಗಿಸಬೇಕು ಎಂದು ರೇಡಿಯೋದಲ್ಲಿ ಕಲಿಸಿದ್ದರು ಎಂದು ನೀನೇ ಹೇಳಿದ್ದೆ. ಅದನ್ನೇ ನಂಬಿ ಈ ಹಾಳೆಗಳನ್ನು ಇವತ್ತಿನ ಪೇಪರಿನ ಮೇಲೆ ಇಟ್ಟಿದ್ದೇನೆ. ಇಲ್ಲಿಯವರೆಗೂ ಗಟ್ಟಿಯಾಗಿಯೇ ಓದಿರುತ್ತೀಯ. ನಿನಗೆ ಹೆಸರಿಟ್ಟವರೆಲ್ಲ ಕೇಳಿರುತ್ತಾರೆ, ಒಳಗಿನಿಂದ ಚೈತ್ರಳೂ. ನಾನು ಕಂಬದ ಪಕ್ಕ ನನ್ನ ಜಾಗದಲ್ಲೇ ಇದ್ದೇನೆ.

ಕ್ಷಮಿಸು ಎಂದು ಬರೆದಿಲ್ಲ. ಅದು ನಾನು ಕೇಳುವಂಥದ್ದಲ್ಲ. ಓದಿ ಆಯಿತಲ್ಲ, ಹಾಳೆ ಮಡಿಸಿ ನನ್ನ ಕಡೆ ನೋಡು. ಈ ಸಲ ಕಣ್ಣು ಇಳಿಸುವುದಿಲ್ಲ.