ಕರ್ಪೂರವಿಲ್ಲದ ಆಯುಧಪೂಜೆ

ಗುಂಡು ಹಾರಿಸುತ್ತಿದ್ದವಳು ನನ್ನ ಹೆಂಡತಿ, ಅವಳಿಗೆ ತೋಟಾ ತುಂಬಿಕೊಡುತ್ತಿದ್ದವನು ನಾನು. ತೊಂಬತ್ತರ ದಶಕದ ಸಿಂಗಪುರದಲ್ಲಿ ಯಾವ ಕನ್ನಡದವರ ಮನೆಯಲ್ಲಿ ಈ ಮಾತು ಬಂದರೂ ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು. “ಆಂಟಿ ಜೊತೆ ಜಗಳ ಆಡೋವಾಗ ಹುಷಾರು ಅಂಕಲ್” ಎಂದು ಚಿಕ್ಕವರು ರೇಗಿಸುತ್ತಿದ್ದರು. ಜಗಳಕ್ಕೆ ಕೋವಿ ಬೇಕಿರಲಿಲ್ಲ, ಅವಳ ಮೌನವೇ ಸಾಕಿತ್ತು.

ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ರೈಫಲ್‌ನಲ್ಲಿ ಬಹುಮಾನ ಗೆದ್ದವಳು ಅವಳು. ಇಲ್ಲಿಗೆ ಬಂದ ಮೇಲೆ ಕ್ಲಬ್ಬೊಂದಕ್ಕೆ ಸೇರಿ, ಯಂತ್ರ ಚಿಮ್ಮಿಸುವ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲೇ ಒಡೆಯುವುದನ್ನು ಕಲಿತಳು. ಆದರೆ ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಅವಳ ಬಲಭುಜ ಮುರಿದಿತ್ತು. ಅಂಗಡಿಯ ತೋಟಾ ಇಪ್ಪತ್ತು ಹಾರಿಸುವಷ್ಟರಲ್ಲಿ ಕೈ ಎತ್ತಲಾಗುತ್ತಿರಲಿಲ್ಲ. ಅದಕ್ಕೇ ಕ್ಲಬ್ಬಿನ ಸೆಮಿ-ಆಟೊಮ್ಯಾಟಿಕ್ ಕೋವಿ ಹಿಡಿದಳು. ಅದು ಹಾರಿಸಿದಾಗ ಭುಜಕ್ಕೆ ಬೀಳುವ ಒದೆತವನ್ನು ಅರ್ಧ ತಾನೇ ನುಂಗಿಕೊಂಡು, ಅದೇ ಬಲದಲ್ಲಿ ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ಒಳಗೆಳೆದುಕೊಳ್ಳುತ್ತದೆ. ಆದರೆ ಮಹಾ ಹಠಮಾರಿ. ಮದ್ದು ತುಸು ಕಡಿಮೆಯಾದರೂ ಖಾಲಿ ತೋಟಾ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮದ್ದಿನ ಕಂಪನಿಯವರು ಅಚ್ಚು ಹಾಕಿಸಿದ ಪಟ್ಟಿಯನ್ನು ಮೀರದೆ, ಅವಳ ಭುಜವೂ ಆ ಕೋವಿಯೂ ಒಪ್ಪುವಂಥ ತೋಟಾ ನಮಗೆ ಬೇಕಿತ್ತು. ಅಂಥದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ನಾವೇ ತುಂಬಿಕೊಳ್ಳಬೇಕಿತ್ತು.

ಆ ಊರಿನಲ್ಲಿ ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಕೇಪು ಇವೆಲ್ಲ ಮನೆಗೆ ತರುವ ಮಾತೇ ಇಲ್ಲ. ಎಲ್ಲ ಕ್ಲಬ್ಬಿನ ಒಂದು ಕೋಣೆಯೊಳಗೆ, ಬೀಗದಲ್ಲಿ, ಪುಸ್ತಕದಲ್ಲಿ ರುಜು ಹಾಕಿ. ಆ ಕೋಣೆಯ ಒಡೆಯ ಒಬ್ಬ ಚೀನೀ ಮುದುಕ, ಕ್ಲಬ್ಬಿನ ಕೋವಿಗಳನ್ನೆಲ್ಲ ನೋಡಿಕೊಳ್ಳುವವರು. ನಾವೂ ಎಲ್ಲರಂತೆ ಅಂಕಲ್ ಎನ್ನುತ್ತಿದ್ದೆವು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಕಮಿಟಿಯವರು ನನಗೆ ಒಪ್ಪಿಗೆ ಕೊಟ್ಟ ಮೇಲೂ ಅಂಕಲ್ ನನ್ನನ್ನು ಒಂದು ತಿಂಗಳು ಬರೀ ಸ್ಟೂಲಿನ ಮೇಲೆ ಕೂರಿಸಿ ನೋಡುವಂತೆ ಮಾಡಿದರು.

ನೋಡಿದೆ. ಬೆರಗಾದೆ. ನಾನು ಜುರಾಂಗಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್, ಯಂತ್ರ ಕಂಡು ಬೆರಗಾಗುವ ವಯಸ್ಸು ದಾಟಿದ್ದವನು. ಆದರೂ ತೋಟಾ ತುಂಬುವ ಆ ಪುಟ್ಟ ಪ್ರೆಸ್ಸಿನ ಹಿಡಿಯನ್ನು ಅವರು ಒತ್ತುತ್ತಿದ್ದ ರೀತಿಯೇ ಬೇರೆ. ಹಾರಿಸಿದ ಖಾಲಿ ತೋಟಾದಿಂದ ಹಳೆಯ ಕೇಪು ಕೆಳಗೆ ಉದುರುವುದು, ಹೊಸದು ಕೂರುವುದು, ಮೇಲಿನ ಬಾಟಲಿಯಿಂದ ಅಳತೆಯ ಪಟ್ಟಿಯ ತೂತಿಗೆ ಮದ್ದು ಇಳಿದು ತೋಟಾದೊಳಗೆ ಸುರಿಯುವುದು, ಅದರ ಮೇಲೆ ಪ್ಲಾಸ್ಟಿಕ್ಕಿನ ಬಿರಡೆ, ಬಿರಡೆಯೊಳಗೆ ಸೀಸದ ಚರೆ, ಕೊನೆಗೆ ಬಾಯಿ ಕಡುಬಿನ ಅಂಚಿನಂತೆ ಮಡಚಿಕೊಳ್ಳುವುದು. ಮದ್ದು ಬಿದ್ದ ಪ್ರತಿ ಸಲವೂ ಅವರು ಬಗ್ಗಿ ತೋಟಾದೊಳಕ್ಕೆ ಇಣುಕುತ್ತಿದ್ದರು. ನೂರಕ್ಕೆ ನೂರು ಸಲ. “ಯೂ ಮಸ್ಟ್ ಲುಕ್. ಎವ್ರಿ ಒನ್ ಲಾ” ಎನ್ನುತ್ತಿದ್ದರು. ಒಂದು ಕೆಟ್ಟ ತೋಟಾ ಏನು ಮಾಡುತ್ತದೆಂದು ಬಿರಿದು ಹೋದ ಹಳೆಯ ನಳಿಗೆಯೊಂದನ್ನು ತೋರಿಸಿ ಹೇಳಿದರು: ಮದ್ದು ಕಡಿಮೆಯಾದರೆ ಬಿರಡೆ ನಳಿಗೆಯಲ್ಲೇ ಉಳಿಯುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ ಕೊಳವೆ ಸಿಡಿಯುತ್ತದೆ. ಆ ಕೊಳವೆಯ ಪಕ್ಕದಲ್ಲೇ ನನ್ನ ಹೆಂಡತಿಯ ಮುಖ ಇರುತ್ತದೆಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ವರ್ಷವಾಗುವಷ್ಟರಲ್ಲಿ ನಾನು ಪಳಗಿದ್ದೆ. ಪಳಗಿದ್ದೆ ಎಂದುಕೊಂಡಿದ್ದೆ. ಇಣುಕುವುದನ್ನು ಯಾವಾಗಲೋ ಬಿಟ್ಟು, ಕಾರ್ಖಾನೆಯ ಬುದ್ಧಿಯಂತೆ ಹತ್ತಕ್ಕೊಂದರ ಮದ್ದು ತೂಗಿ ನೋಡುತ್ತಿದ್ದೆ. ತೂಕ ಒಂದು ಸಲವೂ ತಪ್ಪಿರಲಿಲ್ಲ. ಕ್ಲಬ್ಬಿನ ಮಹಿಳಾ ತಂಡದಲ್ಲಿ ಒಂದು ಜಾಗ ಖಾಲಿಯಾಗಿ, ಅದರ ಆಯ್ಕೆಯ ಪಂದ್ಯ ವಿಜಯದಶಮಿಯ ಮಧ್ಯಾಹ್ನಕ್ಕೆ ಬಿದ್ದಾಗ ನನಗೆ ಅದು ದೈವಸಂಕಲ್ಪವಾಗಿಯೇ ಕಂಡಿತು.

ಹಿಂದಿನ ದಿನ ಆಯುಧಪೂಜೆ. ನಮ್ಮಪ್ಪ ಇಕ್ಕಳ, ಸುತ್ತಿಗೆಗೂ ಕುಂಕುಮ ಇಡುತ್ತಿದ್ದವರು. ಇಷ್ಟು ದುಡಿದ ಪ್ರೆಸ್ಸನ್ನು ಬಿಡುವುದು ಹೇಗೆ? ಸೆರಂಗೂನ್ ರಸ್ತೆಯಲ್ಲಿ ಸೇವಂತಿಗೆ ಕೊಂಡು ಬಸ್ಸಿನಲ್ಲಿ ಕ್ಲಬ್ಬಿಗೆ ಒಯ್ದೆ. ಅಂಕಲ್ ಹೂವನ್ನೂ ನನ್ನನ್ನೂ ನೋಡಿ, “ಪ್ರೇ ಕ್ಯಾನ್. ಫೈರ್ ಕೆನಾಟ್” ಎಂದರು. ಮದ್ದಿನ ಕೋಣೆಯಲ್ಲಿ ಕರ್ಪೂರ ಹಚ್ಚುವಷ್ಟು ದಡ್ಡ ನಾನಲ್ಲ ಎಂದು ನಕ್ಕೆ. ದೀಪವಿಲ್ಲ, ಊದುಬತ್ತಿ ಇಲ್ಲ. ಕುಂಕುಮ ಇಟ್ಟು, ಹೂ ಮುಡಿಸಿ, ನಾಳೆ ಇವಳಿಗೆ ಗೆಲುವಾಗಲಿ ಎಂದು ಮನೆಯಿಂದ ತಂದ ಅಕ್ಷತೆ ಹಾಕಿ ಕೈಮುಗಿದೆ. ಒರೆಸಲೆಂದು ತೆಗೆದಿಟ್ಟ ಖಾಲಿ ಮದ್ದಿನ ಬಾಟಲಿಯ ಮುಚ್ಚಳವನ್ನು ಮತ್ತೆ ಹಾಕಿರಲಿಲ್ಲವೆಂಬುದು ನನ್ನ ಗಮನಕ್ಕೇ ಬರಲಿಲ್ಲ. ಆ ದಿನ ಉಪಕರಣ ಮುಟ್ಟಬಾರದಲ್ಲ, ಹಾಗೇ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಾಟಲಿಗೆ ಮದ್ದು ಸುರಿದು ಎರಡು ಪೆಟ್ಟಿಗೆ ತೋಟಾ ಮಾಡಿದೆ. ಹತ್ತಕ್ಕೊಂದು ತೂಗಿದೆ. ಎಲ್ಲ ಸರಿಯಿತ್ತು.

ಮಧ್ಯಾಹ್ನ ಅವಳು ಚೆನ್ನಾಗಿ ಹೊಡೆಯುತ್ತಿದ್ದಳು. ಬಿಲ್ಲೆಗಳು ಕರೀ ಪುಡಿಯಾಗಿ ಉದುರುತ್ತಿದ್ದವು. ಎರಡನೆಯ ಪೆಟ್ಟಿಗೆ ಅರ್ಧ ದಾಟಿದ ಮೇಲೆ ಒಂದು ಬಿಲ್ಲೆ ಇಡಿಯಾಗಿ ಹಾರಿ ಹುಲ್ಲಿನ ಮೇಲೆ ಬಿತ್ತು. ತಪ್ಪಿತಲ್ಲ ಎಂದು ನಾನು ನಾಲಗೆ ಕಚ್ಚಿಕೊಂಡೆ, ಅಷ್ಟೇ. ಖಾಲಿ ತೋಟಾ ಸಿಕ್ಕಿಕೊಂಡಿತ್ತು. ತೋಟಾ ಆಗಾಗ ಸಿಕ್ಕಿಕೊಳ್ಳುತ್ತಿದ್ದ ಶುರುವಿನ ದಿನಗಳ ಅಭ್ಯಾಸದಂತೆ ಅವಳು ಹಿಡಿ ಎಳೆದು ಅದನ್ನು ಹೊರಗೆ ಹಾಕಿದಳು. ಮುಂದಿನದು ಒಳಗೆ ಹೋಯಿತು. ಕೋವಿಯನ್ನು ಭುಜಕ್ಕೇರಿಸಿದಳು.

“ಸ್ಟಾಪ್! ಗನ್ ಡೌನ್! ಸ್ಟಾಪ್!”

ಕೋಣೆಯೊಳಗಿಂದ ಅಂಕಲ್ ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಅವರು ಕೂತಿದ್ದದ್ದು ಗೋಡೆಯ ಆಚೆ, ಬೆನ್ನು ಈ ಕಡೆಗೆ, ಪಕ್ಕದಲ್ಲಿ ರೇಡಿಯೊ, ತಲೆಯ ಮೇಲೆ ಫ್ಯಾನು. ಅಕ್ಕಪಕ್ಕದಲ್ಲಿ ಬೇರೆಯವರ ಕೋವಿಗಳೂ ಗುಡುಗುತ್ತಿದ್ದವು. ಅಷ್ಟು ಸದ್ದಿನ ನಡುವೆ ಒಂದೇ ಒಂದು ಸದ್ದು ಬಡಕಲಾಗಿದೆ ಎಂದು ಆ ಕಿವಿಗೆ ಗೊತ್ತಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದ ನನಗೆ ಗೊತ್ತಾಗಿರಲಿಲ್ಲ. ದೇವರು ಎಂದರೆ ಕೇಳಿಸಿಕೊಳ್ಳುವವನು ಎಂದು ನಮ್ಮಮ್ಮ ಹೇಳುತ್ತಿದ್ದಳು. ಕೇಳಿಸಿಕೊಳ್ಳುವುದು ಎಂದರೇನೆಂದು ನಾನು ಕಂಡದ್ದು ಅಂದು.

ಕೋವಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಹಿಂದಿನಿಂದ ಕಣ್ಣಿಟ್ಟು ನೋಡುವಂತೆ ನನ್ನ ಕೈಗೆ ಕೊಟ್ಟರು. ಆಚೆ ತುದಿಯ ಬೆಳಕು ಕಾಣಲಿಲ್ಲ. ಕೋಲು ಹಾಕಿ ನೂಕಿದಾಗ ಬಿರಡೆ ಹೊರಬಿತ್ತು, ಅದರ ಹಿಂದೆ ಒಂದಿಷ್ಟು ಸುಡದ ಮದ್ದು. ಆಮೇಲೆ ಕೋಣೆಗೆ ಹೋಗಿ ಪ್ರೆಸ್ಸನ್ನು ಬಿಳಿ ಹಾಳೆಯ ಮೇಲೆ ಬಿಚ್ಚಿದರು. ಅಳತೆಯ ಪಟ್ಟಿಯ ತೂತಿನಲ್ಲಿ ಅರಿಸಿನದ ಅಕ್ಕಿ ಕಾಳುಗಳು ಎರಡು, ಅಡ್ಡಡ್ಡ ಸಿಕ್ಕಿಕೊಂಡಿದ್ದವು. ಕೊನೆಯ ಸಲ ತೂಗಿದ ಮೇಲೆ ಮಾಡಿದ ಏಳೆಂಟಕ್ಕೆ ಅರೆಬರೆ ಮದ್ದು ಬಿದ್ದಿತ್ತು. ಇಣುಕಿದ್ದರೆ ಕಾಣುತ್ತಿತ್ತು.

ಅಂಕಲ್ ಬೈಯಲಿಲ್ಲ. ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು, “ಯುವರ್ಸ್ ಆ?” ಎಂದರು. ಹೌದೆಂದೆ.

ಹೆಂಡತಿಗೆ ನಾನೇ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಅವಳು, “ಅಕ್ಷತೆ ನನ್ನ ತಲೆ ಮೇಲೆ ಹಾಕ್ಬೇಕಿತ್ತು ರೀ” ಎಂದಳು. ಉಳಿದ ಸುತ್ತನ್ನು ಅಂಗಡಿಯ ತೋಟಾದಲ್ಲಿ ಮುಗಿಸಿದಳು. ಕೊನೆಕೊನೆಗೆ ಭುಜ ಸೋತಿತು, ಎರಡು ಬಿಲ್ಲೆಯ ಅಂತರದಲ್ಲಿ ತಂಡದ ಜಾಗ ಬೇರೆಯವಳಿಗೆ ಹೋಯಿತು.

ಇನ್ನು ತೋಟಾ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟೆ. ನಿಜ ಹೇಳಬೇಕೆಂದರೆ, ಅವಳನ್ನು ಕೊಂದುಬಿಡುತ್ತಿದ್ದೆನಲ್ಲ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ. ಅವಳು ವಾದ ಮಾಡಲಿಲ್ಲ. ಎರಡು ವಾರ ಕಳೆದು ಶನಿವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. “ಬನ್ರೀ, ಬಸ್ ಮಿಸ್ ಆಗತ್ತೆ.”

“ಅಂಕಲ್ ಹತ್ರಾನೇ ಮಾಡಿಸ್ಕೊ.”

“ಅವ್ರಿಗೆ ಬೇರೆ ಕೆಲ್ಸ ಇಲ್ವಾ? ನೀವೇ ಮಾಡಿ.”

ಅಂಕಲ್ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಇಪ್ಪತ್ತೈದು ತೋಟಾಗಳಿಗೆ ಎರಡು ಗಂಟೆ ಹಿಡಿಯಿತು. ಒಂದೊಂದಕ್ಕೂ ಬಗ್ಗಿದೆ, ಒಂದೊಂದಕ್ಕೂ ಇಣುಕಿದೆ, ಕೆಲವಕ್ಕೆ ಎರಡೆರಡು ಸಲ. ಪೆಟ್ಟಿಗೆ ತೆಗೆದುಕೊಳ್ಳುವಾಗ ಎಲ್ಲವನ್ನೂ ನೋಡಿದ್ರಾ ಎಂದು ಅವಳು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ.

ನಾನು ಮಾಡಿದ ಆ ಇಪ್ಪತ್ತೈದರಲ್ಲಿ ಒಂದನ್ನು ಆ ಶನಿವಾರ ನನ್ನ ಕೈಗೆ ಕೊಟ್ಟು ಹಾರಿಸು ಎಂದಿದ್ದರೆ ನಾನು ಹಾರಿಸುತ್ತಿರಲಿಲ್ಲ. ಅವಳು ಹಾರಿಸಿದಳು.